ಹಳೆಯ ಹಾಡು ಯಾಕೆ ಹಳತಾಗುವುದಿಲ್ಲ?

ಡಿಸೆಂಬರ್ ತಿಂಗಳಲ್ಲಿ ಒಮ್ಮೆ ನಮ್ಮ ಬಂದ್ಯೋಡಿನ ಕಡೆಗೆ ಬನ್ನಿ. ಹೆದ್ದಾರಿ ಈಗ ಗುರುತು ಸಿಗದಷ್ಟು ಅಗಲವಾಗಿದೆ. ಆದರೆ ಪೇಟೆ ದಾಟಿ, ಒಳರಸ್ತೆ ಹಿಡಿದು, ತೆಂಗಿನ ತೋಟಗಳ ನಡುವೆ ಸಾಗಿದರೆ ಕ್ರೈಸ್ತರ ಮನೆಗಳನ್ನು ಹುಡುಕುವುದು ಕಷ್ಟವಲ್ಲ. ಅಂಗಳದಲ್ಲಿ ನಕ್ಷತ್ರ ತೂಗುತ್ತಿರುತ್ತದೆ, ಅಡುಗೆಮನೆಯಿಂದ ಕುಸ್ವಾರಿನ ಪರಿಮಳ ಬರುತ್ತಿರುತ್ತದೆ. ಒಂದಾದರೂ ಮನೆಯಿಂದ ಜಿಮ್ ರೀವ್ಸ್ ಅವರ ಸ್ವರ ಕೇಳಿಸುತ್ತದೆ.

ಆ ಗಾಯಕ ನಮ್ಮ ಊರಿನವರಲ್ಲ, ನಮ್ಮ ಭಾಷೆಯವರೂ ಅಲ್ಲ. 1923ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದವರು. ಅವರ ಕ್ರಿಸ್ಮಸ್ ಹಾಡುಗಳ ಆಲ್ಬಮ್ ಹೊರಬಂದದ್ದು 1963ರಲ್ಲಿ. ಮರುವರ್ಷ ಜುಲೈ 31ರಂದು ಅವರೇ ನಡೆಸುತ್ತಿದ್ದ ಪುಟ್ಟ ವಿಮಾನ ನ್ಯಾಶ್‌ವಿಲ್ ಸಮೀಪ ಬಿದ್ದು ತೀರಿಕೊಂಡರು. ಆಗ ಅವರಿಗೆ ಕೇವಲ ನಲವತ್ತು ವರ್ಷ. ಅವರು ಹೋಗಿ ಅರುವತ್ತು ವರ್ಷ ದಾಟಿದೆ. ಆಮೇಲೆ ಎಷ್ಟು ಬಗೆಯ ಸಂಗೀತ ಬಂತು, ಹೋಯಿತು! ಆದರೂ ಈ ಮೆದು ಹಾಡುಗಳು ಮಾತ್ರ ನಮ್ಮ ಮನೆಗಳನ್ನು ಬಿಟ್ಟು ಹೋಗಲಿಲ್ಲ. ಯಾಕೆ?

ಕುವೈತಿನಿಂದ ಬಂದ ಕ್ಯಾಸೆಟ್

ನಮ್ಮ ಮನೆಗೆ ಜಿಮ್ ರೀವ್ಸ್ ಬಂದದ್ದು ಕುವೈತಿನಿಂದ. ಅಪ್ಪ ಅಲ್ಲಿ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಫೋನ್ ದುಬಾರಿ, ಕಾಗದ ಬರಲು ವಾರಗಟ್ಟಲೆ ಬೇಕು. ಹಾಗಾಗಿ ಗಲ್ಫಿನಲ್ಲಿದ್ದ ಅನೇಕರಂತೆ ನಾವೂ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದೆವು. ರಜೆಯಲ್ಲಿ ಬಂದು ಹೋಗುವವರ ಕೈಯಲ್ಲಿ ಅದು ಪ್ರಯಾಣ ಮಾಡುತ್ತಿತ್ತು. ಒಮ್ಮೆ ಖಾಲಿ ಕ್ಯಾಸೆಟ್ ಇರಲಿಲ್ಲ. ಅಮ್ಮ ಅಪ್ಪನೇ ತಂದಿಟ್ಟಿದ್ದ ಜಿಮ್ ರೀವ್ಸ್ ಕ್ಯಾಸೆಟ್ಟಿನ ಮೇಲಂಚಿನ ತೂತಿಗೆ ಗಮ್ ಟೇಪ್ ಅಂಟಿಸಿ, ಎರಡನೆಯ ಬದಿಯ ಹಾಡುಗಳನ್ನು ಅಳಿಸಿ ನಮ್ಮ ಮಾತು ತುಂಬಿಸಿದರು. ನಾನು ಶಾಲೆಯ ಪದ್ಯ ಒಪ್ಪಿಸಿದೆ, ತಂಗಿ ಅತ್ತಳು, ಅಜ್ಜಿ ಜಪ ಹೇಳಿದರು.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಆಗ ಸುಮಾರು 1,70,000 ಭಾರತೀಯರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಊರಿಗೆ ಕರೆತಂದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅವರಲ್ಲಿ ನಮ್ಮಪ್ಪನೂ ಒಬ್ಬರು. ಹತ್ತು ವರ್ಷದ ದುಡಿಮೆಯನ್ನು ಅಲ್ಲೇ ಬಿಟ್ಟು ಒಂದು ಚೀಲದೊಂದಿಗೆ ಮನೆಗೆ ಬಂದರು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಪಾಸ್‌ಪೋರ್ಟ್, ಮತ್ತು ಆ ಕ್ಯಾಸೆಟ್! "ಇದನ್ನು ಯಾಕೆ ಹೊತ್ತು ತಂದಿರಿ?" ಎಂದು ಅಮ್ಮ ಕೇಳಿದರೆ, "ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ" ಎಂದಷ್ಟೇ ಹೇಳಿದರು.

ಕಿವಿಯ ಬಳಿ ಆಡಿದ ಮಾತು

ಈ ಹಾಡುಗಳ ಮೊದಲ ಗುಟ್ಟು ಮೈಕಿನಲ್ಲಿದೆ. ಹಿಂದಿನ ಗಾಯಕರು ಸಭೆಯ ಕೊನೆಯ ಸಾಲಿಗೂ ಕೇಳುವಂತೆ ಗಟ್ಟಿಯಾಗಿ ಹಾಡಬೇಕಿತ್ತು. ಒಳ್ಳೆಯ ಮೈಕ್ ಬಂದ ಮೇಲೆ ಗಾಯಕ ಪಿಸುಗುಟ್ಟಿದರೂ ಸಾಕಾಯಿತು. ಜಿಮ್ ರೀವ್ಸ್ ಮೊದಮೊದಲು ಏರುದನಿಯಲ್ಲೇ ಹಾಡುತ್ತಿದ್ದರು. 1950ರ ದಶಕದ ಕೊನೆಗೆ ಮೈಕಿಗೆ ತೀರ ಹತ್ತಿರ ನಿಂತು, ದನಿ ತಗ್ಗಿಸಿ ಹಾಡತೊಡಗಿದರು. ಹಿನ್ನೆಲೆಗೆ ಮೆದುವಾದ ಪಿಯಾನೊ, ಪಿಟೀಲು, ಕೋರಸ್. ಕೇಳುವವನಿಗೆ, 'ಇವನು ನನ್ನೊಬ್ಬನ ಬಳಿಯೇ ಕುಳಿತು ಮಾತನಾಡುತ್ತಿದ್ದಾನೆ' ಅನಿಸುತ್ತದೆ. ಮರಳುಗಾಡಿನ ಕೋಣೆಯಲ್ಲಿ ಒಂಟಿಯಾಗಿ ಮಲಗುವವನಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಯಾವುದಿದೆ?

ಎಪ್ಪತ್ತರ ದಶಕದಲ್ಲಿ ಕಾರ್ಪೆಂಟರ್ಸ್ ಎಂಬ ಅಣ್ಣ-ತಂಗಿಯರ ಜೋಡಿ ಇದೇ ದಾರಿಯಲ್ಲಿ ಹೆಸರಾಯಿತು. ಅವರ 1973ರ 'ಯೆಸ್ಟರ್‌ಡೇ ವನ್ಸ್ ಮೋರ್' ಹಾಡಿನ ವಿಷಯವೇ ರೇಡಿಯೋದಲ್ಲಿ ಕೇಳುತ್ತಿದ್ದ ಹಳೆಯ ಹಾಡುಗಳು. ಅಂದರೆ ಅದು ಹೊಸದಾಗಿದ್ದಾಗಲೂ ಹಳೆಯ ನೆನಪಿನ ಹಾಡೇ ಆಗಿತ್ತು! ಆ ಜೇನಿನಂಥ ದನಿಯ ಕರೆನ್ ಕಾರ್ಪೆಂಟರ್ ಊಟವನ್ನೇ ದೂರಮಾಡುವ ಕಾಯಿಲೆಯಿಂದ ನರಳಿ 1983ರಲ್ಲಿ, 32ರ ಹರೆಯದಲ್ಲಿ ತೀರಿಕೊಂಡರು. ನುಣುಪಾದ ಹಾಡಿನ ಹಿಂದೆ ನುಣುಪಾದ ಬದುಕೇ ಇರುತ್ತದೆಂದು ಭಾವಿಸಬೇಕಾಗಿಲ್ಲ.

ನಮ್ಮ ಕೊಂಕಣಿ ಮನೆಗಳಲ್ಲಿ ಇದೇ ಸ್ಥಾನ ವಿಲ್ಫಿ ರೆಬಿಂಬಸ್ ಅವರದು. 1942ರಲ್ಲಿ ಹುಟ್ಟಿ 2010ರಲ್ಲಿ ಅಗಲಿದ ಈ 'ಕೊಂಕಣ್ ಕೋಗುಳ್' ತಾವೇ ಬರೆದು, ತಾವೇ ರಾಗ ಹಾಕಿ, ಪತ್ನಿ ಮೀನಾ ಅವರೊಂದಿಗೆ ಹಾಡಿದರು. ಇಂದಿಗೂ ರೋಸ್ ಸಮಾರಂಭದಲ್ಲಿ ಅವರ ಹಾಡು ಎತ್ತಿಕೊಂಡರೆ ಅಜ್ಜಿಯೂ ಮೊಮ್ಮಗಳೂ ಕೂಡಿ ಹಾಡುತ್ತಾರೆ. ಕನ್ನಡದಲ್ಲಿ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಭಾವಗೀತೆಗಳು ಉಳಿದದ್ದೂ ಹೀಗೆಯೇ.

ನೆನಪು ಒಂದು ನೋವೇ?

1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಊರು ಬಿಟ್ಟು ದೂರದಲ್ಲಿದ್ದವರನ್ನು ಕಾಡುವ ಒಂದು ವಿಚಿತ್ರ ಬೇನೆಯ ಬಗ್ಗೆ ಬರೆದ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದಗಳನ್ನು ಸೇರಿಸಿ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಇಂದು ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಮನುಷ್ಯನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆ ಕಾಲದ ಹಾಡು ಕಿವಿಗೆ ಬಿದ್ದರೆ ಆ ಕಾಲದ ಮುಖಗಳೂ ಎದ್ದು ಬರುತ್ತವೆ. ಮರೆವಿನ ಕಾಯಿಲೆಯಿರುವ ಹಿರಿಯರು ಮಕ್ಕಳ ಹೆಸರು ಮರೆತರೂ ಯೌವನದ ಹಾಡಿಗೆ ತುಟಿ ಆಡಿಸುವುದನ್ನು, ಪರಮಪ್ರಸಾದ ಕೊಂಡೊಯ್ಯುವ ಮನೆಗಳಲ್ಲಿ ನಾನೇ ಕಂಡಿದ್ದೇನೆ.

ಅಮ್ಮ ಕೇಳಿದ್ದು

ಈಗ ನನ್ನದೊಂದು ತಪ್ಪೊಪ್ಪಿಗೆ. ಗುರುಮಠದಲ್ಲಿ ನಾಲ್ಕಕ್ಷರ ಕಲಿತ ಹೊಸತರಲ್ಲಿ ನಾನು ಅಪ್ಪನ ಹಾಡುಗಳನ್ನು 'ಸಕ್ಕರೆ ಪಾಕ' ಎಂದು ಗೇಲಿ ಮಾಡುತ್ತಿದ್ದೆ. ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡಾಗ ಅಮ್ಮ ನನ್ನನ್ನು ಬದಿಗೆ ಕರೆದು, "ಬಲಿಪೂಜೆಯ ಕೊನೆಗೆ ಅವರ ಆ ಹಾಡು ಹಾಕಲಿಕ್ಕೆ ಆಗುತ್ತದಾ ಮಗಾ?" ಎಂದು ಕೇಳಿದರು. ಆಗುವುದಿಲ್ಲ ಎಂದೆ. ಇಂಥದೇ ಬೇಡಿಕೆಗಳಿಗೆ ಬೇರೆ ಕುಟುಂಬಗಳಿಗೆ 'ಇಲ್ಲ' ಎಂದವನು ನಾನು, ನನ್ನ ಮನೆಗೊಂದು ನಿಯಮ ಮಾಡುವುದು ಹೇಗೆ? ಹೇಳಿದ್ದು ಸರಿಯೇ ಇತ್ತು. ಹೇಳಿದ ರೀತಿ ಸರಿಯಿರಲಿಲ್ಲ. ಅಮ್ಮನ ಪಕ್ಕ ಕುಳಿತು 'ಯಾಕಮ್ಮಾ?' ಎಂದು ಕೇಳಲಿಲ್ಲ.

ಮಣ್ಣು ಕೊಟ್ಟು ಬಂದ ರಾತ್ರಿ ನೆಂಟರೆಲ್ಲ ಹೋದ ಮೇಲೆ ಅಮ್ಮ ಆ ಹಳೆಯ ಟೂ-ಇನ್-ವನ್ ಹೊರತೆಗೆದರು. ಮೊದಲ ಬದಿಯನ್ನಲ್ಲ, ಎರಡನೆಯದನ್ನು ಹಾಕಿದರು. ನನ್ನ ಪದ್ಯ, ತಂಗಿಯ ಅಳು, ಅಜ್ಜಿಯ ಜಪ ಮುಗಿಯಿತು. ಬರೀ ಸರಸರ ಸದ್ದು. ನಾನು ನಿಲ್ಲಿಸಲು ಕೈ ಚಾಚಿದರೆ ಅಮ್ಮ ತಡೆದರು. ಆಗ ಅಪ್ಪನ ದನಿ ಬಂತು! ಕುವೈತಿನ ಕೋಣೆಯಲ್ಲಿ ಯಾವ ಗುಂಡಿ ಒತ್ತಿದ್ದರೋ, ಆ ಹಾಡನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಅರ್ಧ ನಿಮಿಷವೂ ಇಲ್ಲ. ಅಮ್ಮನಿಗೆ ಅದು 1990ರಿಂದಲೇ ಗೊತ್ತಿತ್ತು. ಅವರು ಕೇಳಿದ್ದು ಅಮೆರಿಕದ ಗಾಯಕನನ್ನಲ್ಲ, ಅಪ್ಪನನ್ನು.

ಸಂತ ಅಗಸ್ಟಿನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಸಂಗೀತದ ಬಗ್ಗೆ ಬಹಳ ಜಗ್ಗಾಡುತ್ತಾರೆ. ಹಾಡಿನ ಅರ್ಥಕ್ಕಿಂತ ರಾಗವೇ ಮನ ಸೆಳೆದರೆ ಅದು ತಪ್ಪೆಂದು ಹೆದರುತ್ತಾರೆ. ಆದರೂ ಮನಾಂತರದ ಮೊದಲ ದಿನಗಳಲ್ಲಿ ದೇವಾಲಯದ ಗಾಯನ ಕೇಳಿ ತಾವು ಸುರಿಸಿದ ಕಣ್ಣೀರನ್ನು ನೆನೆದು, ಹಾಡು ಬೇಕು ಎಂಬ ಕಡೆಗೇ ವಾಲುತ್ತಾರೆ. ಆ ಪುಟಗಳನ್ನು ಗುರುಮಠದಲ್ಲಿ ಪರೀಕ್ಷೆಗಾಗಿ ಓದಿದ್ದೆ. ಅರ್ಥವಾದದ್ದು ಆ ರಾತ್ರಿ.

ಬಾಬಿಲೋನಿನ ನದಿಯ ಬಳಿ

ಬೋನಿ ಎಮ್ ತಂಡದ 1978ರ 'ರಿವರ್ಸ್ ಆಫ್ ಬ್ಯಾಬಿಲೋನ್' ಹಾಡಿಗೆ ನಮ್ಮ ಮದುವೆಗಳಲ್ಲಿ ಎಷ್ಟೋ ಮಂದಿ ಕುಣಿದಿದ್ದಾರೆ. ಅದರ ಪದಗಳ ಮೂಲ 137ನೆಯ ಕೀರ್ತನೆ ಎಂದು ಬಲ್ಲವರು ಕಡಿಮೆ. ಸೆರೆಯಾಗಿ ಒಯ್ಯಲ್ಪಟ್ಟ ಜನ ಪರದೇಶದ ನದಿಯ ಬಳಿ ಕುಳಿತು ಊರನ್ನು ನೆನೆದು ಅಳುವ ಕೀರ್ತನೆ ಅದು. ಹಳೆಯದನ್ನು ನೆನೆಯುವುದು ದುರ್ಬಲತೆಯಲ್ಲ, ಪ್ರಾರ್ಥನೆಯೂ ಆಗಬಲ್ಲದು. ಹಾಗೆಂದು 'ಆ ಕಾಲವೇ ಚೆನ್ನಾಗಿತ್ತು, ಈಗಿನವರಿಗೆ ಏನೂ ಗೊತ್ತಿಲ್ಲ' ಎಂದು ಮಕ್ಕಳ ಮೇಲೆ ರೇಗುವವರಿಗೆ ಬೈಬಲಿನ ಉಪದೇಶಕ ಗ್ರಂಥದ ಏಳನೆಯ ಅಧ್ಯಾಯ ಎಚ್ಚರಿಕೆ ಕೊಡುತ್ತದೆ: ಹಾಗೆ ಕೇಳುವುದು ಜ್ಞಾನಿಗಳ ಲಕ್ಷಣವಲ್ಲ. ಇಂದಿನ ಮಕ್ಕಳ ಗದ್ದಲದ ಹಾಡುಗಳೂ ನಾಳೆ ಅವರ ಹಳೆಯ ಹಾಡುಗಳಾಗುತ್ತವೆ. ಅವುಗಳ ಜೊತೆ ನಾವು ಹೇಗೆ ನೆನಪಾಗಬೇಕು? ರೇಗಿದವರಾಗಿಯೋ, ಜೊತೆಗೆ ಕುಳಿತವರಾಗಿಯೋ?

ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿ, ಕಪಾಟಿನ ಮೂಲೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಕೇಳಿ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿದರೆ ಒಳಗಿನ ದನಿ ಮತ್ತೆ ಸಿಗದು. ಬಲ್ಲವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದಕ್ಕಿಂತ ಮೊದಲು ಮನೆಯ ಹಿರಿಯರ ಪಕ್ಕ ಕುಳಿತು, 'ನಿಮಗೆ ಯಾವ ಹಾಡು ಇಷ್ಟ? ಯಾಕೆ?' ಎಂದು ಕೇಳಿ. ಈ ಎರಡನೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ. ನೀವು ಮರೆಯಬೇಡಿ.