ಗಿರಾಕಿಯ ಪ್ರಶ್ನೆಗೆ ನಿಜದ ಉತ್ತರ

ವ್ಯಾಪಾರದಲ್ಲಿ ಸರಕಿಗಿಂತ ಮೊದಲು ಕೈಬದಲಾಗುವುದು ಮಾತು. ಕೊಳ್ಳುವವನು ಕೇಳುತ್ತಾನೆ, ಮಾರುವವನು ಹೇಳುತ್ತಾನೆ. ಆ ಹೇಳಿಕೆಯಲ್ಲಿ ನಂಬಿಕೆ ಹುಟ್ಟಿದರೆ ಗಂಟಿನಿಂದ ಹಣ ಹೊರಬರುತ್ತದೆ. ಇಲ್ಲವಾದರೆ ಗಿರಾಕಿಯು ಮುಂದಿನ ಅಂಗಡಿಗೆ ನಡೆಯುತ್ತಾನೆ. ಸಂತೆಯ ಕಾಲದಿಂದ ಅಂತರ್ಜಾಲದ ಕಾಲದವರೆಗೂ ಈ ನಿಯಮ ಬದಲಾಗಿಲ್ಲ. ಬದಲಾದುದು ಇಷ್ಟೇ: ಅಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ಪ್ರಶ್ನೆಯನ್ನು ಇಂದು ಅವನು ಮನೆಯಲ್ಲಿ ಕುಳಿತು ಮೊಬೈಲಿಗೆ ಕೇಳುತ್ತಾನೆ. ಆ ಪ್ರಶ್ನೆಗೆ ಯಾರು ತೃಪ್ತಿಕರವಾದ ಉತ್ತರವನ್ನು ಬರೆದಿಟ್ಟಿರುವರೋ ಅವರ ಬಾಗಿಲನ್ನು ಅವನು ಮೊದಲು ತಟ್ಟುತ್ತಾನೆ.

ನಮ್ಮ ಓದುಗ ಕುಟುಂಬಗಳಲ್ಲಿ ಸಣ್ಣಪುಟ್ಟ ಉದ್ದಿಮೆಗಳನ್ನು ನಡೆಸುವವರು ಅನೇಕರಿದ್ದಾರೆ. ಮಕ್ಕಳು 'ವೆಬ್‌ಸೈಟ್ ಮಾಡಿಸೋಣ, ಅದರಲ್ಲಿ ಬ್ಲಾಗ್ ಬರೆಯೋಣ' ಎಂದಾಗ, 'ಬರೆದ ಮಾತ್ರಕ್ಕೆ ವ್ಯಾಪಾರವಾಗುವುದೇ?' ಎಂದು ಹಿರಿಯರು ಕೇಳುವುದು ಸಹಜ. ಕಷ್ಟಪಟ್ಟು ಗಳಿಸಿದ ಹಣವನ್ನು ಎಲ್ಲಿ ತೊಡಗಿಸಬೇಕು ಎಂಬ ಚಿಂತೆ ಅದರ ಹಿಂದಿದೆ. ಆದುದರಿಂದ ಅದಕ್ಕೆ ಉತ್ತರವನ್ನು ಊಹೆಯಲ್ಲಿ ಹುಡುಕದೆ, ನಡೆದ ಸಂಗತಿಗಳಲ್ಲಿ ಹುಡುಕುವುದು ಲೇಸೆಂದು ನಾವು ಭಾವಿಸುತ್ತೇವೆ.

ಹಳೆಯ ದಾರಿ

ಉಪಯುಕ್ತವಾದುದನ್ನು ಬರೆದು ಹಂಚಿ ಗಿರಾಕಿಯ ವಿಶ್ವಾಸವನ್ನು ಗಳಿಸುವ ದಾರಿ ಅಂತರ್ಜಾಲಕ್ಕಿಂತ ಬಹಳ ಹಿಂದಿನದು. ಅಮೆರಿಕದಲ್ಲಿ ನೇಗಿಲು ತಯಾರಿಸುತ್ತಿದ್ದ ಜಾನ್ ಡೀರ್ ಸಂಸ್ಥೆಯು 1895ರಲ್ಲಿ 'ದಿ ಫರೋ', ಅಂದರೆ ನೇಗಿಲ ಸಾಲು, ಎಂಬ ಪತ್ರಿಕೆಯನ್ನು ರೈತರಿಗಾಗಿ ಆರಂಭಿಸಿತು. ಬೇಸಾಯದ ತಿಳಿವಳಿಕೆಯನ್ನು ಕೊಡುವ ಆ ಪತ್ರಿಕೆ ಇಂದಿಗೂ ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಹೊರಡುತ್ತಿದೆ. ಫ್ರಾನ್ಸಿನ ಟೈರು ತಯಾರಕರಾದ ಮಿಷಲಿನ್ ಸೋದರರು 1900ರಲ್ಲಿ ವಾಹನ ಸವಾರರಿಗಾಗಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ ಸುಮಾರು 35,000 ಪ್ರತಿಗಳನ್ನು ಉಚಿತವಾಗಿ ಹಂಚಿದರು. ಆಗ ಆ ದೇಶದಲ್ಲಿದ್ದ ಮೋಟಾರುಗಳು ಕೆಲವೇ ಸಾವಿರ. ಟೈರು ಬದಲಿಸುವ ಬಗೆ, ಇಂಧನ ದೊರೆಯುವ ಸ್ಥಳ, ತಂಗಲು ಹೋಟೆಲು ಇವೆಲ್ಲ ಅದರಲ್ಲಿದ್ದವು. ಜನ ಹೆಚ್ಚು ಸಂಚರಿಸಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬ ಲೆಕ್ಕಾಚಾರ ಅವರದು. ಸ್ವಾರ್ಥ ಅದರಲ್ಲಿ ಇರಲಿಲ್ಲವೆಂದಲ್ಲ; ಆದರೆ ಓದುಗನ ಪ್ರಯೋಜನವನ್ನು ಮೊದಲು ಸಾಧಿಸಿ, ಅದರ ಮೂಲಕ ತಮ್ಮ ಪ್ರಯೋಜನವನ್ನು ಅವರು ಸಾಧಿಸಿಕೊಂಡರು.

ಅಂತರ್ಜಾಲ ಬಂದ ಮೇಲೆ ಇದೇ ದಾರಿ ಅಗ್ಗವಾಯಿತು. 'ವೆಬ್‌ಲಾಗ್' ಎಂಬ ಪದ 1997ರಲ್ಲಿ ಬಳಕೆಗೆ ಬಂದಿತು. 1999ರಲ್ಲಿ ಅದು 'ಬ್ಲಾಗ್' ಎಂದು ಮೊಟಕಾಯಿತು. ಅದೇ ವರ್ಷ ಬ್ಲಾಗರ್ ಎಂಬ ಸೇವೆ, 2003ರಲ್ಲಿ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶ ಹೊರಬಂದವು. ಮುದ್ರಣಾಲಯದ ವೆಚ್ಚವಿಲ್ಲದೆ ಯಾರು ಬೇಕಾದರೂ ಪ್ರಕಟಿಸಬಹುದಾದ ಸ್ಥಿತಿ ಒದಗಿತು.

ಒಂದು ಈಜುಕೊಳದ ಕಥೆ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ರಿವರ್ ಪೂಲ್ಸ್ ಎಂಬ ಸಂಸ್ಥೆಯಿದೆ. ಮನೆಗಳ ಹಿತ್ತಲಿನಲ್ಲಿ ಫೈಬರ್‌ಗ್ಲಾಸ್ ಈಜುಕೊಳಗಳನ್ನು ಕೂರಿಸುವುದು ಅದರ ಕೆಲಸ. 2008ರಲ್ಲಿ ಅಲ್ಲಿಯ ಆರ್ಥಿಕ ವ್ಯವಸ್ಥೆ ಕುಸಿದಾಗ ಈಜುಕೊಳ ಕಟ್ಟಿಸುವ ಯೋಚನೆಯನ್ನೇ ಜನ ಕೈಬಿಟ್ಟರು. ಸಂಸ್ಥೆ ದಿವಾಳಿಯ ಅಂಚಿಗೆ ಬಂದು ನಿಂತಿತು. ಜಾಹೀರಾತಿಗೆ ಸುರಿಯಲು ಹಣವಿರಲಿಲ್ಲ. ಪಾಲುದಾರರಲ್ಲೊಬ್ಬರಾದ ಮಾರ್ಕಸ್ ಶೆರಿಡನ್ ಅವರು 2009ರಲ್ಲಿ ಒಂದು ಸರಳ ನಿಶ್ಚಯ ಮಾಡಿದರು: ಗಿರಾಕಿಗಳು ತಮ್ಮನ್ನು ಈವರೆಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದೊಂದು ಲೇಖನವನ್ನು ತಮ್ಮ ವೆಬ್‌ಸೈಟಿನಲ್ಲಿ ಬರೆಯುವುದು.

ಮೊದಲ ಪ್ರಶ್ನೆಯೇ 'ಬೆಲೆ ಎಷ್ಟು?' ಎಂಬುದು. ಆ ಉದ್ಯಮದವರು ಇದಕ್ಕೆ ಬಹಿರಂಗವಾಗಿ ಉತ್ತರಿಸುತ್ತಿರಲಿಲ್ಲ. 'ಅದು ಅನೇಕ ಸಂಗತಿಗಳನ್ನು ಅವಲಂಬಿಸಿದೆ' ಎಂದು ಜಾರಿಕೊಳ್ಳುತ್ತಿದ್ದರು. ಶೆರಿಡನ್ ಅವರು ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಸುಮಾರು ಎಷ್ಟರಿಂದ ಎಷ್ಟರವರೆಗೆ ಆಗಬಹುದು ಎಂಬುದನ್ನು ಬಿಡಿಸಿ ಬರೆದರು. ತಮ್ಮ ಸರಕಿನ ದೋಷಗಳನ್ನೂ ಬರೆದರು. ಕಾಂಕ್ರೀಟಿನ ಕೊಳಕ್ಕೂ ಫೈಬರ್‌ಗ್ಲಾಸಿನ ಕೊಳಕ್ಕೂ ಇರುವ ವ್ಯತ್ಯಾಸ ಬರೆದರು. ತಮ್ಮ ಪ್ರದೇಶದ ಪ್ರತಿಸ್ಪರ್ಧಿಗಳ ಹೆಸರನ್ನೂ ಮುಚ್ಚಿಡಲಿಲ್ಲ. ಬೆಲೆಯನ್ನು ಕುರಿತ ಆ ಒಂದೇ ಲೇಖನದ ಮೂಲಕ ಬಂದ ಗಿರಾಕಿಗಳಿಂದ 10 ಲಕ್ಷ ಡಾಲರಿಗೂ ಮಿಕ್ಕಿದ ವ್ಯಾಪಾರವಾಯಿತೆಂದು ಅವರು ಲೆಕ್ಕ ಹೇಳಿದ್ದಾರೆ. ಮುಚ್ಚಬೇಕಾಗಿದ್ದ ಸಂಸ್ಥೆ ಉಳಿಯಿತು. ಅದನ್ನು ನೆಚ್ಚಿದ ಮನೆಗಳ ಒಲೆಯೂ ಉರಿಯಿತು.

ಇದರ ಕಾರಣ ಗೂಢವಾದುದೇನಲ್ಲ. ಗೂಗಲ್‌ನಂಥ ಶೋಧ ಯಂತ್ರಗಳು ವೆಬ್ ಪುಟಗಳನ್ನು ಓದಿ, ಅಲ್ಲಿಯ ಪದಗಳಿಗೆ ಸೂಚಿಯನ್ನು ಸಿದ್ಧಪಡಿಸಿಡುತ್ತವೆ. ಯಾರಾದರೂ ಪ್ರಶ್ನೆ ಕೇಳಿದಾಗ ಅದಕ್ಕೆ ಹೊಂದುವ, ಇತರ ತಾಣಗಳವರು ಕೊಂಡಿ ಕೊಟ್ಟು ಗೌರವಿಸಿದ ಪುಟಗಳನ್ನು ಮುಂದಿಡುತ್ತವೆ. ಎಲ್ಲರೂ ಮೌನವಾಗಿದ್ದ ಪ್ರಶ್ನೆಗೆ ಒಬ್ಬರೇ ಉತ್ತರಿಸಿದಾಗ ಯಂತ್ರವು ಅವರನ್ನೇ ತೋರಿಸಬೇಕಾಗುತ್ತದೆ. ಜಾಹೀರಾತು ಹಣ ನಿಂತ ದಿನವೇ ನಿಲ್ಲುತ್ತದೆ. ಒಳ್ಳೆಯ ಲೇಖನವಾದರೋ ಬರೆದವರು ನಿದ್ರಿಸುವಾಗಲೂ ಗಿರಾಕಿಗೆ ಉತ್ತರ ಹೇಳುತ್ತಿರುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ಇದಕ್ಕೆ ನಿದರ್ಶನವುಂಟು. 2010ರಲ್ಲಿ ಆರಂಭವಾದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, 'ವಾರ್ಸಿಟಿ' ಎಂಬ ಹೆಸರಿನಲ್ಲಿ ಷೇರುಪೇಟೆಯ ಪಾಠಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಇರಿಸಿದೆ. ಜಾಹೀರಾತಿಗೆ ಹಣ ಸುರಿಯದೆ ಸಂಸ್ಥೆ ಬೆಳೆದುದನ್ನು ಅದರ ಸಂಸ್ಥಾಪಕರಾದ ನಿತಿನ್ ಕಾಮತ್ ಅವರು ಹಲವು ಬಾರಿ ಹೇಳಿದ್ದಾರೆ. ಆ ಬೆಳವಣಿಗೆಗೆ ಕಡಿಮೆ ಶುಲ್ಕವೂ ಕಾರಣವೆಂಬುದನ್ನು ಮರೆಯಬಾರದು. ಬರವಣಿಗೆ ಒಳ್ಳೆಯ ಸರಕಿಗೆ ದೀಪ ಹಿಡಿಯಬಲ್ಲುದು. ಕೆಟ್ಟ ಸರಕನ್ನು ಒಳ್ಳೆಯದಾಗಿಸಲಾರದು.

ಸುಳ್ಳಿನ ಆಯುಸ್ಸು

ಇದೇ ಸಾಧನ ವಂಚನೆಗೂ ಒದಗಿತು. 2006ರಲ್ಲಿ ಅಮೆರಿಕದಲ್ಲಿ ಸಂಗಾತಿಗಳಿಬ್ಬರು ವಾಹನವೊಂದರಲ್ಲಿ ದೇಶ ಸುತ್ತುತ್ತ, ರಾತ್ರಿ ವಾಲ್‌ಮಾರ್ಟ್ ಮಳಿಗೆಗಳ ಅಂಗಳದಲ್ಲಿ ತಂಗುತ್ತ, ಅಲ್ಲಿಯ ನೌಕರರ ಸಂತೋಷವನ್ನು ಬಣ್ಣಿಸುವ ಬ್ಲಾಗನ್ನು ಬರೆದರು. ಆ ಪ್ರವಾಸದ ವೆಚ್ಚವನ್ನು ವಾಲ್‌ಮಾರ್ಟ್ ಪರವಾದ ಸಂಘಟನೆಯೊಂದು ಭರಿಸಿತ್ತೆಂದೂ, ಅದರ ಹಿಂದೆ ಆ ಕಂಪನಿಯ ಪ್ರಚಾರ ಸಂಸ್ಥೆಯಾದ ಎಡಲ್ಮನ್ ಇತ್ತೆಂದೂ ಅದೇ ಅಕ್ಟೋಬರಿನಲ್ಲಿ ಬಯಲಾಯಿತು. ಎಡಲ್ಮನ್ ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಹೊಗಳಿಸಿಕೊಳ್ಳಲು ಹೋಗಿ ನಗೆಪಾಟಲಾದ ಪ್ರಸಂಗವಿದು.

ಇನ್ನೊಂದು ಬಗೆಯ ವಂಚನೆ ಯಂತ್ರವನ್ನೇ ಮರುಳು ಮಾಡುವುದು. ಸಾರವಿಲ್ಲದ ಪುಟಗಳನ್ನು ಸಾವಿರಗಟ್ಟಲೆ ತಯಾರಿಸಿ, ಶೋಧಕ್ಕೆ ಸಿಗುವ ಪದಗಳನ್ನು ತುರುಕುವ ದಂಧೆ ಬೆಳೆಯಿತು. ಗೂಗಲ್ 2011ರ ಫೆಬ್ರವರಿಯಲ್ಲಿ 'ಪಾಂಡಾ' ಎಂಬ ಬದಲಾವಣೆ ತಂದು ಅಂಥ ತಾಣಗಳನ್ನು ಕೆಳಗೆ ತಳ್ಳಿತು. 2022ರ ಆಗಸ್ಟ್‌ನಲ್ಲಿ, ಜನರಿಗಾಗಿ ಬರೆದುದಕ್ಕೆ ಮನ್ನಣೆ, ಯಂತ್ರಕ್ಕಾಗಿ ಬರೆದುದಕ್ಕೆ ಹಿನ್ನಡೆ ಎಂಬ ನೀತಿಯನ್ನು ಜಾರಿಗೆ ತಂದಿತು. ಕೃತಕ ಬುದ್ಧಿಮತ್ತೆಯಿಂದ ರಾಶಿರಾಶಿಯಾಗಿ ಹೊರಬರುವ ಪುಟಗಳ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮವನ್ನು ಮತ್ತಷ್ಟು ಬಿಗಿಗೊಳಿಸಿತು. ನಮ್ಮ ದೇಶದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನಃ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಈಗ ಮತ್ತೊಂದು ಸವಾಲು ಎದುರಾಗಿದೆ. 2024ರಿಂದ ಗೂಗಲ್ ಅನೇಕ ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ತಾನೇ ಸಾರಾಂಶವನ್ನು ಬರೆದು ಮೇಲ್ಗಡೆ ತೋರಿಸುತ್ತಿದೆ. ಓದುಗನು ಅಷ್ಟಕ್ಕೇ ತೃಪ್ತನಾದರೆ ಮೂಲ ಲೇಖನದವರೆಗೆ ಬಾರದೇ ಹೋಗಬಹುದು. ಎಲ್ಲರಿಗೂ ತಿಳಿದ ಸಾಮಾನ್ಯ ಸಂಗತಿಯನ್ನು ಬರೆದರೆ ಇನ್ನು ಮುಂದೆ ಫಲ ಕಡಿಮೆ. ಯಂತ್ರಕ್ಕೆ ತಿಳಿಯದ, ಮಾಡಿ ನೋಡಿದವರಿಗೆ ಮಾತ್ರ ತಿಳಿದ ಸಂಗತಿಗೆ ಬೆಲೆ ಹೆಚ್ಚು. ಬಲ್ಲವನೇ ಬಲ್ಲ ಬೆಲ್ಲದ ಸವಿ ಎಂಬ ಗಾದೆ ಇಲ್ಲಿಗೆ ಸರಿಹೊಂದುತ್ತದೆ.

ಆಚರಣೆಗೆ ಕೆಲವು ಮಾತು

ಉದ್ದಿಮೆ ನಡೆಸುವ ಕುಟುಂಬಗಳಿಗೆ ನಮ್ಮ ಸೂಚನೆಗಳು ಹೀಗಿವೆ. ಅಂಗಡಿಯಲ್ಲಿ ಒಂದು ನೋಟುಪುಸ್ತಕವನ್ನಿಟ್ಟು, ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ವಾರಕ್ಕೊಂದಕ್ಕೆ ಉತ್ತರ ಬರೆಯಿರಿ. ಹಿರಿಯರು ಅನುಭವವನ್ನು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಇದರಿಂದ ಮನೆತನದ ವೃತ್ತಿಜ್ಞಾನವೂ ಉಳಿದೀತು. ಬೆಲೆಯನ್ನು ಮರೆಮಾಚಬೇಡಿರಿ. ನಿಮ್ಮ ಸರಕು ಯಾರಿಗೆ ಹೊಂದುವುದಿಲ್ಲವೆಂಬುದನ್ನೂ ತಿಳಿಸಿರಿ. ಬರೆದವರ ಹೆಸರು, ಬರೆದ ದಿನಾಂಕ ಇರಲಿ. ಬೆಲೆ ಬದಲಾದಾಗ ಲೇಖನವನ್ನೂ ತಿದ್ದಿರಿ. ಹಣ ಕೊಟ್ಟು ಹೊಗಳಿಕೆ ಬರೆಯಿಸಬೇಡಿರಿ.

ಕನ್ನಡದ ಗಿರಾಕಿಗೆ ಕನ್ನಡದಲ್ಲಿಯೇ ಬರೆಯಿರಿ. ಆದರೆ ಅದನ್ನು ಚಿತ್ರವಾಗಿ ಅಂಟಿಸದೆ, ಯೂನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚಿಸಿರಿ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಹಳೆಯ ಬಗೆಯ ಅಕ್ಷರ ಸಂಕೇತಗಳಲ್ಲಿ ಬರೆದುದು ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧ ಯಂತ್ರಕ್ಕೆ ಅರ್ಥವಾಗದು.

ತಿಂಗಳೊಪ್ಪತ್ತಿನಲ್ಲಿ ಫಲ ಬಯಸುವುದು ತರವಲ್ಲ. ಇದು ತೆಂಗಿನ ಸಸಿ ನೆಟ್ಟಂತೆ. ನೀರೆರೆಯುವ ತಾಳ್ಮೆ ಬೇಕು. ಒಂದು ವರುಷ ಇದನ್ನು ಬಿಡದೆ ಮಾಡಿದ ಮನೆಯವರಿಗೆ ಗಿರಾಕಿಗಳು ಎಷ್ಟು ಬರುವರೆಂದು ನಾವು ಮುಂಚಿತವಾಗಿ ಹೇಳಲಾರೆವು. ಆದರೆ ತಮ್ಮ ಸರಕಿನ ಗುಣದೋಷಗಳು ಅವರಿಗೇ ಮೊದಲಿಗಿಂತ ಚೆನ್ನಾಗಿ ತಿಳಿದಿರುತ್ತವೆ. ಬರೆಯಲು ನಾಚಿಕೆಯಾಗುವಂಥ ದೋಷವೊಂದು ಕಂಡುಬಂದರೆ, ಲೇಖನಿಯನ್ನು ಕೆಳಗಿಟ್ಟು ಮೊದಲು ಆ ದೋಷವನ್ನು ಸರಿಪಡಿಸುವುದು ಒಳಿತು.