ಬೇಲಿಯೇ ಹೊಲ ಮೇಯದಿರಲಿ

ಮೊಣಕಾಲು ಅಥವಾ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ರೋಗಿಯ ಕಾಲಿಗೆ ಆಸ್ಪತ್ರೆಯಲ್ಲಿ ಕೆಲವೊಮ್ಮೆ ಬಿಗಿಯಾದ ಉದ್ದನೆಯ ಕಾಲುಚೀಲವನ್ನು ತೊಡಿಸುವುದುಂಟು. ನೋಡುವವರಿಗೆ ಅದು ಬರಿಯ ಬಟ್ಟೆ. ಅದರ ಕೆಲಸ ಮಾತ್ರ ಕಾವಲುಗಾರನದು. ನಡೆದಾಡುವವರ ಮೀನಖಂಡಗಳು ಹೆಜ್ಜೆಹೆಜ್ಜೆಗೂ ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಮಲಗಿದವರಲ್ಲಿ ಈ ಚಲನೆ ಕುಂದಿ, ರಕ್ತ ಹೆಪ್ಪುಗಟ್ಟುವ ಭಯವಿದೆ. ಆ ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ಈ ಚೀಲವು ಪಾದದ ಗಂಟಿನ ಬಳಿ ಸುಮಾರು 18, ಮೀನಖಂಡದಲ್ಲಿ 14 ಮಿಲಿಮೀಟರ್ ಪಾದರಸದಷ್ಟು ಒತ್ತುತ್ತ, ಮೇಲೇರಿದಂತೆ ಹಿಡಿತವನ್ನು ಸಡಿಲಿಸುವಂತೆ ನೇಯಲ್ಪಟ್ಟಿರುತ್ತದೆ.

ಅಳತೆ ತಪ್ಪಿದರೆ ಕಾವಲುಗಾರನೇ ಶತ್ರುವಾಗುತ್ತಾನೆ. ಹಿಮ್ಮಡಿ, ಪಾದದ ಗಂಟು, ಮುಂಗಾಲಿನ ಎಲುಬು ಇವುಗಳ ಮೇಲೆ ಮಾಂಸದ ಮೆತ್ತೆ ತೀರ ತೆಳು. ಅಲ್ಲಿ ಒತ್ತಡ ಹೆಚ್ಚಿದರೆ ಚರ್ಮಕ್ಕೆ ರಕ್ತ ತಲುಪದೆ ಹುಣ್ಣಾಗುತ್ತದೆ. ಪಾರ್ಶ್ವವಾಯು ಪೀಡಿತರಾದ ಸುಮಾರು 2,500 ಮಂದಿಯ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೊಡೆಯುದ್ದದ ಚೀಲ ತೊಟ್ಟವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಚರ್ಮ ಒಡೆಯಿತು, ಬೊಕ್ಕೆ ಅಥವಾ ಹುಣ್ಣಾಯಿತು. ತೊಡದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮಾತ್ರ. ಅವರು ಮೂಳೆಯ ರೋಗಿಗಳಲ್ಲ, ನಿಜ. ಆದರೂ ಎಚ್ಚರಿಕೆಯ ಮಾತು ಎಲ್ಲರಿಗೂ ಸಲ್ಲುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಕಣ್ಣಳತೆಗೆ ಚೀಲವನ್ನು ಕೊಳ್ಳಬಾರದು. ಎರಡು ಕಾಲುಗಳ ಸುತ್ತಳತೆಯನ್ನೂ ಉದ್ದವನ್ನೂ ಟೇಪು ಹಿಡಿದು ಅಳೆಯಿಸಬೇಕು. ಶಸ್ತ್ರಚಿಕಿತ್ಸೆಯಾದ ಕಾಲು ಊದಿಕೊಂಡರೆ ಮತ್ತೆ ಅಳೆಯಿಸಬೇಕು. ಉದ್ದ ಹೆಚ್ಚಾಯಿತೆಂದು ಮೇಲಂಚನ್ನು ಸುರುಳಿ ಸುತ್ತುವುದು ಕಾಲಿಗೆ ಹಗ್ಗ ಬಿಗಿದಂತೆಯೇ ಸರಿ. ಸುಕ್ಕುಗಳೂ ಹಾಗೆಯೇ ಚರ್ಮವನ್ನು ಕೊರೆಯುತ್ತವೆ. ದಿನಕ್ಕೊಮ್ಮೆ ಚೀಲ ತೆಗೆದು, ಕಾಲನ್ನು ತೊಳೆದು ಒರೆಸಿ, ಹಿಮ್ಮಡಿಯನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಹೊರಳಲಾರದವರಿಗೆ, ಸ್ಪರ್ಶಜ್ಞಾನ ಕುಂದಿದವರಿಗೆ ಈ ಪರೀಕ್ಷೆ ದಿನಕ್ಕೆ ಎರಡು ಮೂರು ಸಲ ನಡೆಯಬೇಕು. ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಮೊದಲ ಸೂಚನೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಆ ಭಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಂದಿದೆಯೇ ಎಂದು ಕೈಯಿಂದಲೂ ಅರಿಯಬೇಕು.

ಮಧುಮೇಹದಿಂದ ಕಾಲು ಜೋಮುಗಟ್ಟಿದವರ ವಿಷಯದಲ್ಲಿ ಇಮ್ಮಡಿ ಜಾಗರೂಕತೆ ಅಗತ್ಯ. ನೋವೇ ತಿಳಿಯದವರು ನೋವೆಂದು ಹೇಳುವುದಾದರೂ ಹೇಗೆ? ಅವರಿಗೂ, ಕಾಲಿನ ರಕ್ತನಾಳ ಕಿರಿದಾದವರಿಗೂ ಈ ಚೀಲ ಸಲ್ಲದೆ ಹೋಗಬಹುದು. ಈ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಮನೆಯವರ ಕರ್ತವ್ಯ. ಗುರುತು ಕಂಡೊಡನೆ ಚೀಲವನ್ನು ತೆಗೆದು ವೈದ್ಯರಿಗೋ ದಾದಿಗೋ ತೋರಿಸಬೇಕು. ಅದನ್ನು ಶಾಶ್ವತವಾಗಿ ಬಿಡಬೇಕೇ, ಬೇರೆ ಉಪಾಯವೇ ಎಂಬುದನ್ನು ಅವರೇ ನಿರ್ಧರಿಸಲಿ. ಒಂದು ದಿನದ ಅಲಕ್ಷ್ಯದಿಂದ ಮೂಡಿದ ಹಿಮ್ಮಡಿಯ ಹುಣ್ಣು ಮಾಯಲು ತಿಂಗಳುಗಳೇ ಹಿಡಿದಾವು. ಹೊಸ ಕೀಲು ಸಿದ್ಧವಾಗಿದ್ದರೂ ಊರುವ ಪಾದವೇ ಇಲ್ಲದಂತಾದೀತು.