ಲಿಖಿತ ಪಾಠದ ಧ್ವನಿರೂಪ: ಗಣಕಯಂತ್ರದ ವಾಚನಕ್ರಮ

ಕೊಡಗಿನ ಕಕ್ಕಬೆಯು ಪಾಡಿ ಇಗ್ಗುತ್ತಪ್ಪ ದೇವಾಲಯದಿಂದಲೂ ದೊಡ್ಡವೀರರಾಜೇಂದ್ರನ ನಾಲ್ಕುನಾಡು ಅರಮನೆಯಿಂದಲೂ ಪ್ರಸಿದ್ಧವಾದ ಊರು. ಅಲ್ಲಿನ ಮನೆಮಾತಾದ ಕೊಡವ ತಕ್ಕನ್ನು ಬಹುಕಾಲದಿಂದ ಕನ್ನಡ ಲಿಪಿಯಲ್ಲಿ ಬರೆಯುತ್ತ ಬಂದಿದ್ದಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯೂ ಈ ಲಿಪಿಯಲ್ಲಿಯೇ ಇದೆ. ಇಂತಹ ಪಾಠವನ್ನು ಗಣಕಯಂತ್ರದಿಂದ ಓದಿಸಿ ಧ್ವನಿಕಡತವಾಗಿ ಉಳಿಸುವುದು ಇಂದು ಸುಲಭಸಾಧ್ಯ. ಆದರೆ ಹಾಗೆ ಉಳಿಯುವುದು ಭಾಷೆಯ ಧ್ವನಿಯೋ, ಲಿಪಿಯ ಧ್ವನಿಯೋ ಎಂಬುದು ವಿಚಾರಣೀಯವಾಗಿದೆ.

ಈ ಕಾರ್ಯದಲ್ಲಿ ನಾಲ್ಕು ಹಂತಗಳುಂಟು. ಮೊದಲನೆಯದು ಪಾಠಸಿದ್ಧತೆ. ಪಾಠವು ಯೂನಿಕೋಡ್ ಸಂಕೇತದಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದುದನ್ನು ಮೊದಲು ಪರಿವರ್ತಿಸದಿದ್ದರೆ ಯಂತ್ರಕ್ಕೆ ಅದು ಅರ್ಥಹೀನ ಚಿಹ್ನೆಗಳ ಸಾಲು ಮಾತ್ರ. ಎರಡನೆಯದು ವಿಸ್ತರಣ. ‘ಕ್ರಿ.ಶ. 1792’ ಎಂಬುದನ್ನು ‘ಕ್ರಿಸ್ತಶಕ ಸಾವಿರದ ಏಳುನೂರ ತೊಂಬತ್ತೆರಡು’ ಎಂದು ಬಿಡಿಸಬೇಕು. ಮೂರನೆಯದು ವರ್ಣನಿರ್ಣಯ. ಬಿಂದು ಒಂದೇ ಆದರೂ ‘ಅಂಗ’, ‘ಪಂಚ’, ‘ಕಂಬ’ ಎಂಬಲ್ಲಿ ಅದು ಕ್ರಮವಾಗಿ ಙ್, ಞ್, ಮ್ ಆಗುತ್ತದೆ. ನಾಲ್ಕನೆಯದು ಧ್ವನಿನಿರ್ಮಾಣ. ಇದನ್ನು ಗಣಿತಸೂತ್ರಗಳಿಂದಲೋ, ಮನುಷ್ಯಧ್ವನಿಯ ಮುದ್ರಣಗಳಿಂದ ಕಲಿತ ಮಾದರಿಯಿಂದಲೋ ಸಾಧಿಸುತ್ತಾರೆ.

ಉಚಿತವಾಗಿ ದೊರೆಯುವ ‘ಇಸ್ಪೀಕ್ ಎನ್‌ಜಿ’ ಎಂಬ ತಂತ್ರಾಂಶವು ಮೊದಲನೆಯ ಬಗೆಗೆ ಸೇರಿದುದು. ಅದಕ್ಕೆ ಕನ್ನಡ ಧ್ವನಿಯ ಹೆಸರು, ಓದಬೇಕಾದ ಕಡತ, ಬರೆಯಬೇಕಾದ ಧ್ವನಿಕಡತ ಎಂಬ ಮೂರನ್ನು ಒಂದೇ ಆಜ್ಞೆಯಲ್ಲಿ ಸೂಚಿಸಿದರೆ ಸಾಕು. ಈ ಆಜ್ಞೆಯನ್ನು ಒಂದು ಸಣ್ಣ ಕ್ರಮವಿಧಿಯಲ್ಲಿಟ್ಟು ಪುನರಾವರ್ತಿಸಿದರೆ ಗ್ರಂಥದ ಪ್ರತಿಯೊಂದು ಗರಿಗೂ ಅದರ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಪ್ರತ್ಯೇಕ ಕಡತ ದೊರೆಯುತ್ತದೆ. ಸೆಕೆಂಡಿಗೆ 22,050 ಮಾದರಿಗಳು, ಮಾದರಿಗೆ ಎರಡು ಬೈಟುಗಳು ಎಂದಾದಲ್ಲಿ, ಒಂದು ನಿಮಿಷದ ವಾಚನಕ್ಕೆ ಸುಮಾರು 26 ಲಕ್ಷ ಬೈಟುಗಳು ಬೇಕಾಗುತ್ತವೆ.

ಇನ್ನು ಮೂಲಪ್ರಶ್ನೆ. ಕೊಡವ ತಕ್ಕಿನಲ್ಲಿ ಕನ್ನಡದ ಸ್ವರಗಳಲ್ಲದೆ ಎರಡು ಮಧ್ಯಸ್ವರಗಳು ಹ್ರಸ್ವ ದೀರ್ಘ ಭೇದದೊಡನೆ ಇವೆ. ಎಮೆನೋ ಅವರು 1970ರಲ್ಲಿ ಕೊಡವ ಸ್ವರಗಳನ್ನು ಕುರಿತೇ ಲೇಖನವನ್ನು ಪ್ರಕಟಿಸಿದ್ದಾರೆ. ಈ ಮಧ್ಯಸ್ವರಗಳಿಗೆ ರೂಢಿಯ ಕನ್ನಡ ಬರಹದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಕೊಡವ ಓದುಗನು ತನ್ನ ಅಭ್ಯಾಸದಿಂದ ಅವುಗಳನ್ನು ತುಂಬಿಕೊಳ್ಳುತ್ತಾನೆ. ಕನ್ನಡಕ್ಕಾಗಿ ರಚಿತವಾದ ಯಂತ್ರಧ್ವನಿಯಾದರೋ ಬರೆದ ಕನ್ನಡ ಸ್ವರವನ್ನೇ ನುಡಿಯುತ್ತದೆ. ಕೊಡವ ತಕ್ಕನ್ನು ಅರಿಯದವನು ಈ ಕಡತವನ್ನು ಕೇಳಿ ಅದನ್ನೇ ಶುದ್ಧಪಾಠವೆಂದು ಭಾವಿಸುವ ಸಂಭವವುಂಟು.

ಹಳಗನ್ನಡದ ೞ, ಱ ಅಕ್ಷರಗಳ ವಿಷಯವೂ ಇಂತಹುದೇ. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವುಂಟು. ಆದರೆ ೞಕಾರದ ಅಧಿಕೃತ ನಾಮವೇ ತಪ್ಪಾಗಿ ‘ಫ’ ಎಂದು ದಾಖಲಾಗಿದೆ. ಅಕ್ಷರಕ್ಕೆ ಸ್ಥಾನವಿದ್ದ ಮಾತ್ರಕ್ಕೆ ಉಚ್ಚಾರಣೆ ಸಿದ್ಧಿಸುವುದಿಲ್ಲ. ಅಂತಹ ಪದಗಳನ್ನು ಮೊದಲು ಬಿಡಿಯಾಗಿ ಓದಿಸಿ ಪರೀಕ್ಷಿಸುವುದು ಅವಶ್ಯಕ.

ಆದುದರಿಂದ ಮೂಲಪಾಠವನ್ನೂ ವಾಚನಕ್ಕಾಗಿ ತಿದ್ದಿದ ಪಾಠವನ್ನೂ ಬೇರೆಬೇರೆಯಾಗಿ ರಕ್ಷಿಸಿ, ತಂತ್ರಾಂಶದ ಹೆಸರನ್ನೂ ಮಾಡಿದ ತಿದ್ದುಪಡಿಗಳನ್ನೂ ಧ್ವನಿಕಡತದೊಡನೆ ನಮೂದಿಸತಕ್ಕದ್ದು. ಲಿಪಿಕಾರನ ಸ್ಖಾಲಿತ್ಯವು ಓಲೆಯಲ್ಲಿ ಕಣ್ಣಿಗೆ ಕಾಣುತ್ತದೆ. ಯಂತ್ರದ ಸ್ಖಾಲಿತ್ಯವು ನಿರರ್ಗಳವಾದ ವಾಚನದಲ್ಲಿ ಅಡಗಿಹೋಗುತ್ತದೆ. ಪರಂಪರೆಯ ಉಚ್ಚಾರಣೆಯನ್ನು ಬಲ್ಲವರು ಇರುವಾಗಲೇ ಅವರ ಕಂಠದಿಂದ ಕೆಲವು ಗರಿಗಳನ್ನಾದರೂ ಮುದ್ರಿಸಿಕೊಂಡು, ಯಂತ್ರದ ಓದನ್ನು ಅದರೊಡನೆ ಹೋಲಿಸಿ ನೋಡುವುದು ಯುಕ್ತ.